ಇತಿಹಾಸ ಬದಲಾಯಿಸೋದು ತಪ್ಪಾ? ಮೊದಲು ಬರೆದವರು ಯಾರು ಅಂತ ಕೇಳಿ

ಪ್ರಶ್ನೆ: ಮೇಡಂ, ನಮ್ದು ಮೂಲ ವಿಜಯಪುರ ಕಡೆ, ಪುಣೆಯ ಕೋಥ್ರೂಡ್‌ಗೆ ಬಂದು ಸುಮಾರು ವರ್ಷ ಆಯ್ತು. ಸೊಸೈಟಿಯ ಮರಾಠಿ ಗ್ರೂಪು, ನಮ್ಮ ಕನ್ನಡದವರ ಗ್ರೂಪು, ಎರಡರಲ್ಲೂ ದಿನಾ "ನಿಮ್ಮಿಂದ ಮುಚ್ಚಿಟ್ಟ ನಿಜವಾದ ಇತಿಹಾಸ" ಅಂತ ಫಾರ್ವರ್ಡ್ ಬರ್ತಾವೆ. ಶಿವಾಜಿ ಮಹಾರಾಜರು ಮತ್ತು ಬೆಳವಡಿ ಮಲ್ಲಮ್ಮನ ವಿಷಯ ಬಂದ್ರೆ ಅಲ್ಲೊಂದು ಕಥೆ, ಇಲ್ಲೊಂದು ಕಥೆ. ಟಿವಿ ಹಾಕಿದ್ರೆ ಒಬ್ರು ಹಳೇ ಪುಸ್ತಕ ಪೂರ್ತಿ ಸುಳ್ಳು ಅಂತಾರೆ, ಇನ್ನೊಬ್ರು ಹೊಸದಾಗಿ ಹೇಳೋದೆಲ್ಲಾ ಸುಳ್ಳು ಅಂತಾರೆ. ಇತಿಹಾಸನ ಹೀಗೆ ಬದಲಾಯಿಸಬಹುದಾ? ನಮ್ಮಂಥವರಿಗೆ ನಿಜ ಗೊತ್ತಾಗೋದು ಹೇಗೆ? ಗ್ರೂಪಿನಲ್ಲಿ ಬಾಯಿ ಬಿಡಬೇಕಾ ಸುಮ್ನಿರಬೇಕಾ?

ಉತ್ತರ: ಬದಲಾಯಿಸಬಹುದು ಸರ್, ಎಷ್ಟೋ ಸಲ ಬದಲಾಯಿಸಲೇಬೇಕಾಗುತ್ತೆ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ "ಇತಿಹಾಸ ತಿರುಚ್ತಿದ್ದಾರೆ" ಅಂತ ಟಿವಿಯಲ್ಲಿ ಕೂಗೋರು ಹಳೇ ಪುಸ್ತಕದಲ್ಲಿ ಇದ್ದದ್ದೆಲ್ಲಾ ಕಲ್ಲಿನ ಮೇಲೆ ಕೆತ್ತಿದ್ದು ಅನ್ನೋ ಹಾಗೆ ಮಾತಾಡ್ತಾರೆ, ಆದ್ರೆ ಕಲ್ಲಿನ ಮೇಲೆ ಕೆತ್ತಿದ್ದನ್ನೂ ನಾವು ಮತ್ತೆ ಮತ್ತೆ ಓದಿ ತಿದ್ದಿಕೊಳ್ತೀವಿ. ಹಲ್ಮಿಡಿ ಶಾಸನವೇ ಕನ್ನಡದ ಮೊದಲ ಶಾಸನ, ಸುಮಾರು ಕ್ರಿ.ಶ. 450, ಅಂತ ನಾವೆಲ್ಲಾ ಓದಿದ್ವಿ, ನಾನೂ ಕ್ಲಾಸಿನಲ್ಲಿ ಅದನ್ನೇ ಹೇಳ್ತಿದ್ದೆ. ಆಮೇಲೆ ಶಿಕಾರಿಪುರದ ಹತ್ತಿರ ತಾಳಗುಂದದಲ್ಲಿ ಸಿಂಹಕಟಾಂಜನದ (ಗುಡಿಯ ಮೆಟ್ಟಿಲ ಪಕ್ಕದ ಸಿಂಹದ ಕೆತ್ತನೆಯ ಕಲ್ಲು) ಮೇಲಿನ ಶಾಸನ ಸಿಕ್ತು, ಪುರಾತತ್ವ ಇಲಾಖೆಯವರು ಅದನ್ನ ಕ್ರಿ.ಶ. 370ರದ್ದು ಅಂದ್ರು, ವಿದ್ವಾಂಸರು ಇನ್ನೂ ಅದರ ಕಾಲದ ಬಗ್ಗೆ ವಾದ ಮಾಡ್ತಿದ್ದಾರೆ. ಇದೂ ಇತಿಹಾಸದ ಬದಲಾವಣೆಯೇ, ಇದರಿಂದ ಯಾರ ಮನೆಗೂ ಕಲ್ಲು ಬೀಳಲಿಲ್ಲ.

ನೀವಿರೋ ಊರಿನದ್ದೇ ಇನ್ನೂ ಒಳ್ಳೆ ಉದಾಹರಣೆ ಇದೆ. ಫೆಬ್ರವರಿ 19ಕ್ಕೆ ನಿಮ್ಮ ಸೊಸೈಟಿಯಲ್ಲಿ ಶಿವಜಯಂತಿ ಮಾಡ್ತಾರಲ್ಲ, ಆ ತಾರೀಕು ನೂರು ವರ್ಷದ ಹಿಂದಿನ ಪುಸ್ತಕಗಳಲ್ಲಿ ಇರಲೇ ಇಲ್ಲ. ಆಗೆಲ್ಲಾ ಶಿವಾಜಿ ಹುಟ್ಟಿದ್ದು 1627, ವೈಶಾಖ ಮಾಸದಲ್ಲಿ, ಅಂತಲೇ ಇತ್ತು, ಅದು ಬಹಳ ಮಟ್ಟಿಗೆ ಶಿವಾಜಿ ತೀರಿಹೋಗಿ ಎಷ್ಟೋ ಕಾಲದ ನಂತರ ಬರೆದ ಬಖರುಗಳನ್ನ, ಅಂದ್ರೆ ಮರಾಠಿ ಗದ್ಯದಲ್ಲಿ ಬರೆದ ಇತಿಹಾಸ ಕಥನಗಳನ್ನ, ನಂಬಿ ಬಂದ ಲೆಕ್ಕ. 1916ರಲ್ಲಿ ಲೋಕಮಾನ್ಯ ತಿಲಕರು ಜೇಧೆ ಮನೆತನದವರ ಹತ್ತಿರ ಇದ್ದ ಒಂದು ಶಕಾವಳಿ ಪ್ರಕಟ ಮಾಡಿದ್ರು. ಶಕಾವಳಿ ಅಂದ್ರೆ ಇಂಥ ಶಕೆ, ಇಂಥ ತಿಥಿ, ಇಂಥದ್ದು ನಡೀತು ಅಂತ ಒಂದೊಂದೇ ಸಾಲಿನಲ್ಲಿ ಬರೆದಿಟ್ಟ ಪಟ್ಟಿ. ಅದರಲ್ಲಿ ಶಿವಾಜಿಯ ಜನನ ಶಕೆ 1551ರ ಫಾಲ್ಗುಣ ವದ್ಯ (ಕೃಷ್ಣಪಕ್ಷದ) ತೃತೀಯ ಅಂತಿದೆ, ಅಂದ್ರೆ 19 ಫೆಬ್ರವರಿ 1630. ಒಂದೇ ಪಟ್ಟಿ ನಂಬಿ ಯಾರೂ ಕುಣಿಯಲಿಲ್ಲ. ಆಮೇಲೆ ಶಿವಾಜಿಯ ಕಾಲದಲ್ಲೇ ಇದ್ದ ಪರಮಾನಂದ ಕವಿ ಬರೆದ ಸಂಸ್ಕೃತ ಕಾವ್ಯ ತಂಜಾವೂರಿನಲ್ಲಿ ಸಿಕ್ತು, ಅದರಲ್ಲೂ ಅದೇ ತಿಥಿ. ರಾಜಸ್ಥಾನದ ಜೋಧಪುರದಲ್ಲಿ ಜೋತಿಷಿಗಳ ಸಂಗ್ರಹದಲ್ಲಿ ಒಂದು ಕುಂಡಲಿ ಸಿಕ್ತು, ಅದೂ ಅದಕ್ಕೇ ಹೊಂದುತ್ತೆ. ಭೋರ್ ಕಡೆಯ ಜೇಧೆ ದೇಶಮುಖರ ಮನೆ, ತಂಜಾವೂರಿನ ಗ್ರಂಥಾಲಯ, ಜೋಧಪುರದ ಜೋತಿಷಿ, ಇವರಿಗೆ ಒಬ್ಬರಿಗೊಬ್ಬರಿಗೆ ಏನೂ ಸಂಬಂಧ ಇಲ್ಲ, ಮೂರೂ ಕಡೆ ಒಂದೇ ದಿನ ಬರ್ತಿದೆ ಅಂದಾಗ 1627 ನಿಧಾನಕ್ಕೆ ಹಿಂದೆ ಸರೀತು. ವಾದ ಎಷ್ಟೋ ದಶಕ ನಡೀತು, ಸರ್ಕಾರ ಫೆಬ್ರವರಿ 19ನ್ನ ಒಪ್ಪಿಕೊಂಡಿದ್ದು ಬಹಳ ತಡವಾಗಿ, ತಿಥಿ ಪ್ರಕಾರವೇ ಆಚರಿಸ್ತೀವಿ ಅನ್ನೋರು ಇವತ್ತಿಗೂ ಇದ್ದಾರೆ, ಇರಲಿ. ನಾನು ಹೇಳೋದು ಇಷ್ಟೇ, ಇದು ಸರಿಯಾದ ಬದಲಾವಣೆ. ಮೊದಲು ದಾಖಲೆ ಬಂತು, ಆಮೇಲೆ ತೀರ್ಮಾನ ಬಂತು.

ತೀರ್ಮಾನ ಮೊದಲು ಬಂದು ಆಮೇಲೆ ದಾಖಲೆ ಹುಡುಕೋಕೆ ಹೊರಟ್ರೆ ಏನಾಗುತ್ತೆ ಅನ್ನೋದಕ್ಕೆ ಪ್ರಪಂಚದಲ್ಲೇ ದೊಡ್ಡ ಉದಾಹರಣೆ ಲಂಡನ್ ಕೋರ್ಟಿನದ್ದು. ಡೇವಿಡ್ ಇರ್ವಿಂಗ್ ಅಂತ ಇಂಗ್ಲಿಷ್ ಲೇಖಕ, ಹಿಟ್ಲರ್ ಕಾಲದ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆದವನು, ಯಹೂದಿಗಳ ನರಮೇಧನ ಅಲ್ಲಗಳೀತಿದ್ದ. ಡೆಬೊರಾ ಲಿಪ್‌ಸ್ಟಾಟ್ ಅನ್ನೋ ಅಮೆರಿಕದ ಪ್ರೊಫೆಸರ್ ಅವನನ್ನ ನರಮೇಧ ನಿರಾಕರಿಸೋನು ಅಂತ ಬರೆದಿದ್ದಕ್ಕೆ ಅವರ ಮೇಲೂ ಪ್ರಕಾಶಕರ ಮೇಲೂ ಮಾನನಷ್ಟ ಕೇಸು ಹಾಕಿದ. ಅಲ್ಲಿನ ಕಾನೂನಿನಲ್ಲಿ ಬರೆದವರೇ ನಾವು ಬರೆದದ್ದು ಸತ್ಯ ಅಂತ ಸಾಬೀತು ಮಾಡಬೇಕು. ಆಗ ರಿಚರ್ಡ್ ಇವಾನ್ಸ್ ಅನ್ನೋ ಇತಿಹಾಸಕಾರರು ತಮ್ಮ ವಿದ್ಯಾರ್ಥಿಗಳನ್ನ ಕಟ್ಟಿಕೊಂಡು ಕೂತು ಇರ್ವಿಂಗ್‌ನ ಅಡಿಟಿಪ್ಪಣಿಗಳನ್ನ ಹಿಡಿದು ಮೂಲ ದಾಖಲೆಗಳ ಜೊತೆ ತಾಳೆ ನೋಡಿದ್ರು. ಒಂದು ಉದಾಹರಣೆ ಕೇಳಿ. 30 ನವೆಂಬರ್ 1941ರಂದು ಹಿಟ್ಲರ್‌ನ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಮಾಡಿದ ಒಂದು ಫೋನಿನ ಟಿಪ್ಪಣಿ ಇದೆ, ಬರ್ಲಿನ್‌ನಿಂದ ಹೊರಟ ಯಹೂದಿಗಳ ಒಂದು ಸಾಗಣೆ, ಕೊಲ್ಲೋದು ಬೇಡ, ಅಂತ. ಅದು ಒಂದೇ ಒಂದು ಟ್ರೇನಿಗೆ ಸಂಬಂಧಿಸಿದ ಮಾತು. ಇರ್ವಿಂಗ್ ಅದನ್ನ ಯಹೂದಿಗಳನ್ನೇ ಕೊಲ್ಲಬಾರದು ಅಂತ ಹಿಟ್ಲರ್ ಕೊಟ್ಟ ಆಜ್ಞೆ ಅನ್ನೋ ಹಾಗೆ ತೋರಿಸಿದ್ದ. ತಪ್ಪು ಎಲ್ಲರೂ ಮಾಡ್ತಾರೆ ಸರ್, ಓದೋದ್ರಲ್ಲಿ ತಾರೀಕು ತಪ್ಪುತ್ತೆ, ಅನುವಾದ ತಪ್ಪುತ್ತೆ, ಆದ್ರೆ ಪ್ರಾಮಾಣಿಕ ತಪ್ಪುಗಳು ಆ ಕಡೆಗೂ ಬೀಳ್ತಾವೆ ಈ ಕಡೆಗೂ ಬೀಳ್ತಾವೆ. ಇವನ ತಪ್ಪುಗಳೆಲ್ಲಾ ಒಂದೇ ಕಡೆ ಬಾಗಿದ್ವು, ಹಿಟ್ಲರ್‌ನನ್ನ ಬಚಾವ್ ಮಾಡೋ ಕಡೆ. 2000ದ ಏಪ್ರಿಲ್‌ನಲ್ಲಿ ಜಡ್ಜು ಬರೆದ ತೀರ್ಪು ಇದನ್ನೇ ಹೇಳಿತು, ಇರ್ವಿಂಗ್ ಸೋತ. ಯಾವುದೇ ಇತಿಹಾಸದ ಚಾನೆಲ್ಲು, ಯಾವುದೇ ಭಾಷಣಕಾರನನ್ನ ಅಳೆಯೋಕೆ ಇದಕ್ಕಿಂತ ಒಳ್ಳೆ ಮಾನದಂಡ ನನಗೆ ಸಿಕ್ಕಿಲ್ಲ. ಅವರ ಒಂದು ವಿಡಿಯೋ ಅಲ್ಲ, ಹತ್ತು ವಿಡಿಯೋ ನೋಡಿ, ಅವರು ಯಾವತ್ತಾದ್ರೂ ತಮ್ಮ ಪಕ್ಷಕ್ಕೆ ನೋವಾಗೋ ದಾಖಲೆ ತೋರಿಸಿದ್ದಾರಾ ಅಂತ.

ನಮ್ಮ ಕಡೆಗೆ ಬರೋಣ. ಟಿಪ್ಪುನ ಕೊಂದವರು ಉರಿಗೌಡ, ನಂಜೇಗೌಡ ಅನ್ನೋ ಇಬ್ಬರು ಒಕ್ಕಲಿಗ ವೀರರು ಅಂತ 2022-23ರಲ್ಲಿ ಕರ್ನಾಟಕದಲ್ಲಿ ದೊಡ್ಡ ಗದ್ದಲ ಆಯ್ತಲ್ಲ, ನಾಟಕದಲ್ಲಿ ಬಂತು, ಮಂಡ್ಯದಲ್ಲಿ ಅವರ ಹೆಸರಿನ ದ್ವಾರ ಎದ್ದಿತು, ಸಿನಿಮಾನೇ ಘೋಷಣೆ ಆಯ್ತು. 4 ಮೇ 1799ರ ಶ್ರೀರಂಗಪಟ್ಟಣದ ಬಗ್ಗೆ ದಾಖಲೆ ಕಡಿಮೆ ಇಲ್ಲ ಸರ್, ಕೋಟೆ ಗೋಡೆ ಒಡೆದು ಒಳಗೆ ನುಗ್ಗಿದ ಇಂಗ್ಲಿಷ್ ಅಧಿಕಾರಿಗಳು ಬರೆದ ವರದಿಗಳಿವೆ, ಸಂಜೆ ಹೆಣಗಳ ರಾಶಿಯಲ್ಲಿ ಟಿಪ್ಪುವಿನ ದೇಹ ಹುಡುಕಿ ತೆಗೆದ ವಿವರ ಇದೆ. ಆ ಕಾಲದ ಬರಹಗಳಲ್ಲಿ ಟಿಪ್ಪುನ ಕೊಂದವರು ಅಂತ ಈ ಇಬ್ಬರ ಹೆಸರನ್ನ ಯಾರೂ ತೋರಿಸಲಿಲ್ಲ. ಕಡೆಗೆ ಆದಿಚುಂಚನಗಿರಿಯ ಸ್ವಾಮೀಜಿ, ಅದೇ ಸಮುದಾಯದ ಮಠದವರು, ಮೊದಲು ಶಾಸನ ದಾಖಲೆ ಏನಿದೆ ಅದನ್ನ ಒಟ್ಟು ಮಾಡಿ, ಆಮೇಲೆ ಮಾತಾಡಿ ಅನ್ನೋ ಅರ್ಥದಲ್ಲಿ ಹೇಳಿದ ಮೇಲೆ ಸಿನಿಮಾ ಕೈಬಿಟ್ರು. ನನಗೆ ಬಹಳ ಸಮಾಧಾನ ಆದದ್ದು ಅದರಲ್ಲೇ. ನಮ್ಮ ಜಾತಿಗೆ ಕಿರೀಟ ಇಡ್ತೀವಿ ಅಂತ ಬಂದಾಗಲೂ ದಾಖಲೆ ಎಲ್ಲಿದೆ ಅಂತ ಕೇಳೋಕೆ ದೊಡ್ಡ ಮನಸ್ಸು ಬೇಕು.

ಈಗ ನಿಮ್ಮ ಎರಡನೇ ಪ್ರಶ್ನೆ, ಗೊತ್ತಾಗೋದು ಹೇಗೆ. ನಾನು ವಿದ್ಯಾರ್ಥಿಗಳಿಗೆ ಹೇಳ್ತಿದ್ದದ್ದು ಒಂದೇ, ಈ ಮಾತನ್ನ ಮೊದಲು ಬರೆದವರು ಯಾರು, ಯಾವಾಗ ಬರೆದ್ರು, ಅವರಿಗೆ ಅದು ಹೇಗೆ ಗೊತ್ತಾಯ್ತು. ಘಟನೆ ನಡೆದ ವರ್ಷ ಒಂದು ಕಡೆ ಬರೀರಿ, ಮೊದಲ ಉಲ್ಲೇಖದ ವರ್ಷ ಇನ್ನೊಂದು ಕಡೆ ಬರೀರಿ, ನಡುವಿನ ಅಂತರ ನೋಡ್ರಿ. ಶಿವಾಜಿಯ ಬಗ್ಗೆಯೇ ಸಭಾಸದ ಅನ್ನೋರು ಬರೆದ ಬಖರು 1697ರದ್ದು, ಬರೆದವರು ಶಿವಾಜಿಯ ಸೇವೆಯಲ್ಲಿ ಇದ್ದವರು, ಶಿವಾಜಿ ತೀರಿಹೋದದ್ದರಿಂದ ಲೆಕ್ಕ ಹಾಕಿದ್ರೆ ಅಂತರ ಹದಿನೇಳು ವರ್ಷ. ಚಿಟ್ನಿಸ ಬಖರು ಬಂದದ್ದು 19ನೇ ಶತಮಾನದ ಶುರುವಿನಲ್ಲಿ, ಅಂತರ ನೂರಿಪ್ಪತ್ತು ವರ್ಷದ ಮೇಲೆ. ಎರಡೂ ಬಖರು ಅಂತ ಒಂದೇ ತಕ್ಕಡಿಯಲ್ಲಿ ಇಡೋಕಾಗುತ್ತಾ? ಟಿವಿಯಲ್ಲಿ "ಬಖರಿನಲ್ಲಿ ಬರೆದಿದೆ" ಅಂದ್ರೆ ಯಾವ ಬಖರು ಅಂತ ಯಾರೂ ಕೇಳಲ್ಲ.

ಇದನ್ನ ನಿಮ್ಮ ಎರಡು ಗ್ರೂಪಿನ ಜಗಳಕ್ಕೇ ಹಚ್ಚಿ ನೋಡೋಣ, ಬೆಳವಡಿ ಮಲ್ಲಮ್ಮ. ನಾವೆಲ್ಲಾ ಕೇಳಿ ಬೆಳೆದ ಕಥೆ ಏನು, ಸೋದೆಯ ಅರಸು ಮಗಳು, ಬೆಳವಡಿಯ ಈಶಪ್ರಭುವಿನ ಹೆಂಡತಿ, ಗಂಡ ಬಿದ್ದ ಮೇಲೂ ಹೆಂಗಸರ ಪಡೆ ಕಟ್ಟಿ ಶಿವಾಜಿಯ ಸೈನ್ಯದ ಎದುರು ನಿಂತಳು, ಶಿವಾಜಿ ಅವಳ ಶೌರ್ಯಕ್ಕೆ ತಲೆಬಾಗಿ ರಾಜ್ಯ ವಾಪಸ್ ಕೊಟ್ಟ. ಮರಾಠಿ ಕಡೆಯ ಬರಹಗಳಲ್ಲಿ ಆಕೆ ಸಾವಿತ್ರಿಬಾಯಿ, ಕೋಟೆ ಮುತ್ತಿದ್ದು ಸಖೂಜಿ ಗಾಯಕವಾಡ ಅನ್ನೋ ಸರದಾರ, ಅವನು ಆಕೆಯ ಜೊತೆ ಕೆಟ್ಟದಾಗಿ ನಡಕೊಂಡಿದ್ದಕ್ಕೆ ಶಿವಾಜಿಯೇ ಅವನಿಗೆ ಕಠಿಣ ಶಿಕ್ಷೆ ಕೊಟ್ಟ ಅಂತ. ಕನ್ನಡದ ಗ್ರೂಪಿನಲ್ಲಿ "ಮರಾಠರು ಮುಚ್ಚಿಟ್ರು" ಅಂತಾರೆ, ಮರಾಠಿ ಗ್ರೂಪಿನಲ್ಲಿ "ಕನ್ನಡದವರು ಕಟ್ಟಿದ ಕಥೆ" ಅಂತಾರೆ, ಅಲ್ವಾ?

ಹಾಗಿದ್ರೆ ಆ ಕಾಲದ್ದೇ ಏನಿದೆ? ಇದೆ. 1678ರ ಫೆಬ್ರವರಿಯಲ್ಲಿ, ಅಂದ್ರೆ ಘಟನೆ ನಡೀತಿರುವಾಗಲೇ, ಕೊಂಕಣದ ರಾಜಾಪುರದಲ್ಲಿದ್ದ ಇಂಗ್ಲಿಷ್ ಕಂಪನಿಯವರು ಬರೆದ ಒಂದು ಪತ್ರ ಇದೆ. ಶಿವಾಜಿ ದಕ್ಷಿಣದ ದೊಡ್ಡ ದಂಡಯಾತ್ರೆ ಮುಗಿಸಿ ವಾಪಸ್ ಬರ್ತಿದ್ದ ಹೊತ್ತು ಅದು. ಪತ್ರದ ಸಾರ ಇಷ್ಟು, ಅವನು ಈಗ ಒಂದು ಕೋಟೆಗೆ ಮುತ್ತಿಗೆ ಹಾಕಿದ್ದಾನೆ, ಅವನ ಕಡೆಯಿಂದಲೇ ಬಂದ ಜನ ಹೇಳೋ ಪ್ರಕಾರ ಮೊಗಲರಿಂದಲೂ ದಖನಿಗಳಿಂದಲೂ ಆಗದಷ್ಟು ಅವಮಾನ ಅಲ್ಲಿ ಆಗಿದೆ, ಇಷ್ಟೆಲ್ಲಾ ರಾಜ್ಯ ಗೆದ್ದವನಿಗೆ ಈ ಹೆಣ್ಣು ದೇಸಾಯಿಯನ್ನ ಬಗ್ಗಿಸೋಕೆ ಆಗ್ತಿಲ್ಲ. ನಾನು ಇದನ್ನ ಮೊದಲ ಸಲ ಓದಿದಾಗ ಮೈ ಜುಮ್ ಅಂದಿತ್ತು. ಆದ್ರೆ ಮೈ ಜುಮ್ ಅಂದಾಗಲೇ ಇನ್ನೊಂದು ಸಲ ಓದಬೇಕು. ಆ ಮಾತಿನಲ್ಲಿ ಆಕೆಯ ಹೆಸರಿಲ್ಲ. ಹೆಂಗಸರ ಪಡೆಯ ಮಾತಿಲ್ಲ. ಕಡೆಗೆ ಏನಾಯ್ತು ಅನ್ನೋದೂ ಇಲ್ಲ, ಇರೋಕೆ ಸಾಧ್ಯವೂ ಇಲ್ಲ, ಮುತ್ತಿಗೆ ಇನ್ನೂ ನಡೀತಿದೆ. ಬರೆದವರು ಯಾರು? 1661ರಲ್ಲಿ ಶಿವಾಜಿ ಇದೇ ರಾಜಾಪುರದ ಫ್ಯಾಕ್ಟರಿಯನ್ನ, ಅಂದ್ರೆ ಅವರ ವ್ಯಾಪಾರದ ಕೋಠಿಯನ್ನ, ಲೂಟಿ ಮಾಡಿ ಇಂಗ್ಲಿಷರನ್ನ ಸೆರೆಗೆ ಹಾಕಿದ್ದ, ಅಂಥವರಿಗೆ ಅವನ ಸೋಲಿನ ಸುದ್ದಿ ಸಿಹಿಯಾಗೇ ಇರುತ್ತೆ. ಆದ್ರೆ ಸುದ್ದಿ ತಂದವರು ಶಿವಾಜಿಯ ಕಡೆಯ ಜನವೇ ಅಂತ ಅವರೇ ಬರೆದಿದ್ದಾರೆ, ಅದು ಪತ್ರದ ತೂಕ ಹೆಚ್ಚಿಸುತ್ತೆ.

ಇಷ್ಟು ನೋಡಿದ ಮೇಲೆ ಗಟ್ಟಿ ನೆಲ ಎಷ್ಟು ಅಂತ ಸ್ಪಷ್ಟ ಆಯ್ತಲ್ಲ. ನಮ್ಮ ನೆಲದ ಒಬ್ಬ ದೇಸಾಯಿ ಹೆಂಗಸು ಶಿವಾಜಿಯ ಸೈನ್ಯಕ್ಕೆ ನೀರು ಕುಡಿಸಿದ್ದು ಆ ಕಾಲದವರೇ ಬರೆದ ಸಂಗತಿ, ಅದನ್ನ ಕಟ್ಟುಕಥೆ ಅಂತ ತಳ್ಳಿಹಾಕೋಕೆ ಬರಲ್ಲ. ಸೋದೆಯ ಅರಸುಮನೆ, ಹೆಂಗಸರ ಪಡೆ, ರಾಜ್ಯ ವಾಪಸ್ ಕೊಟ್ಟದ್ದು, ಆ ಕಡೆ ಸಖೂಜಿಗೆ ಆದ ಶಿಕ್ಷೆ, ಇವೆಲ್ಲಾ ಆಮೇಲಿನ ಪದರಗಳು, ಜನ ನೆನಪಿಟ್ಟುಕೊಂಡ ರೀತಿ. ಧಾರವಾಡದ ಹತ್ತಿರ ಯಾದವಾಡದಲ್ಲಿ ಶಿವಾಜಿಯದ್ದು ಅಂತ ಗುರುತಿಸೋ ಕೆತ್ತನೆಯ ಕಲ್ಲಿದೆ, ಅದನ್ನ ಮಲ್ಲಮ್ಮನೇ ಮಾಡಿಸಿದ್ದು ಅಂತ ಜನ ಹೇಳ್ತಾರೆ, ಆ ಕಡೆ ಹೋದಾಗ ಖಂಡಿತ ನೋಡ್ಕೊಂಡು ಬನ್ನಿ. ಜನರ ನೆನಪನ್ನ ನಾನು ಕೀಳಾಗಿ ನೋಡಲ್ಲ, ಬರೆಯೋಕೆ ಬಾರದವರ ಇತಿಹಾಸ ಎಷ್ಟೋ ಸಲ ಹಾಡು ಕಥೆಯಲ್ಲೇ ಉಳಿದಿರುತ್ತೆ, ಆದ್ರೆ 1678ರ ಪತ್ರನೂ ಆಮೇಲಿನ ಲಾವಣಿನೂ ಒಂದೇ ದಾರದಲ್ಲಿ ಪೋಣಿಸಿ "ದಾಖಲೆ ಇದೆ" ಅಂತ ಹೇಳಬಾರದು. ಪತ್ರಕ್ಕೆ ಪತ್ರದ ಜಾಗ, ಲಾವಣಿಗೆ ಲಾವಣಿಯ ಜಾಗ.

ಇನ್ನು ಮೀಡಿಯಾದ ಸುಳ್ಳಿನ ಬಗ್ಗೆ ಒಂದು ಮಾತು. ಪೂರ್ತಿ ಸುಳ್ಳು ಹಿಡಿಯೋದು ಸುಲಭ, ಕಷ್ಟ ಆಗೋದು ಅರ್ಧ ನಿಜ. ಟಿಪ್ಪು ವಿಷಯ ಇದಕ್ಕೆ ಕನ್ನಡಿ ಇದ್ದ ಹಾಗೆ. 1791ರಲ್ಲಿ ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೈನ್ಯದ ಜೊತೆ ಬಂದಿದ್ದ ಪಿಂಡಾರಿಗಳು ಅನ್ನೋ ಲೂಟಿಕೋರ ಸವಾರರು ಶೃಂಗೇರಿ ಮಠನ ಲೂಟಿ ಮಾಡಿದ್ರು, ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯ್ತು, ಶಾರದೆಯ ಪುನಃಪ್ರತಿಷ್ಠೆಗೆ ಟಿಪ್ಪು ಹಣ ಸಾಮಗ್ರಿ ಕಳಿಸಿದ. ಆ ಕನ್ನಡ ಪತ್ರಗಳನ್ನ 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಮಠದಲ್ಲೇ ಹುಡುಕಿ ತೆಗೆದ್ರು. ಅದೇ ಟಿಪ್ಪು ಕರ್ನೂಲಿನ ರಣಮಸ್ತ್ ಖಾನನಿಗೆ ಬರೆದ ಪತ್ರದಲ್ಲಿ 40 ಸಾವಿರ ಕೊಡಗರನ್ನ ಸೆರೆಹಿಡಿದು ಮತಾಂತರ ಮಾಡಿ ತನ್ನ ಪಡೆಗೆ ಸೇರಿಸಿಕೊಂಡೆ ಅಂತ ಹೆಮ್ಮೆಯಿಂದ ಹೇಳ್ಕೊಂಡಿದ್ದಾನೆ. ಆ ಸಂಖ್ಯೆ ಜಂಬದ್ದು, ಅವತ್ತಿನ ಕೊಡಗಿನಲ್ಲಿ ಅಷ್ಟು ಜನ ಇದ್ರಾ ಅಂತ ಇತಿಹಾಸಕಾರರು ಅನುಮಾನ ಪಡ್ತಾರೆ, ಆದ್ರೆ ಸೆರೆ ಹಿಡಿದದ್ದೂ ಮತಾಂತರ ಮಾಡಿದ್ದೂ ನಡೆದ ಸಂಗತಿ. 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನ ಶ್ರೀರಂಗಪಟ್ಟಣಕ್ಕೆ ಎಳೆದೊಯ್ದದ್ದೂ ಹಾಗೇ. ಎರಡೂ ಕಡೆ ಅವನದ್ದೇ ಮಾತು, ಅವನದ್ದೇ ಆಡಳಿತದ ಕಾಗದ. ಒಬ್ಬ ಆಂಕರ್ ಶೃಂಗೇರಿಯ ಪತ್ರ ಮಾತ್ರ ತೋರಿಸ್ತಾನೆ, ಇನ್ನೊಬ್ಬ ಕೊಡಗಿನ ಪತ್ರ ಮಾತ್ರ ತೋರಿಸ್ತಾನೆ, ಇಬ್ಬರೂ ಸುಳ್ಳು ಹೇಳಿಲ್ಲ, ಇಬ್ಬರೂ ಮೋಸ ಮಾಡಿದ್ದಾರೆ. ಅಂದಹಾಗೆ ಶೃಂಗೇರಿಯ ಸಂಗತಿ ಹೇಳಿದ್ರೆ ಪುಣೆಯಲ್ಲಿ ಕೆಲವರಿಗೆ ಇರಿಸುಮುರಿಸು ಆಗುತ್ತೆ, ಕೊಡಗಿನದ್ದು ಹೇಳಿದ್ರೆ ಬೆಂಗಳೂರಿನಲ್ಲಿ ಕೆಲವರಿಗೆ ಆಗುತ್ತೆ, ನಾನು ಎರಡೂ ಊರಿನಲ್ಲಿ ಎರಡನ್ನೂ ಹೇಳ್ತೀನಿ.

ಭೀಮಾ ಕೋರೆಗಾಂವ್ ಕಾಳಗದ ಬಗ್ಗೆ ನೀವು ಕೇಳಿಲ್ಲ, ಆದ್ರೆ ಪುಣೆಯಲ್ಲಿ ಇದ್ದು ಜನವರಿ 1 ಬಂದ್ರೆ ಗ್ರೂಪಿನಲ್ಲಿ ಬಂದೇ ಬರುತ್ತೆ. 1 ಜನವರಿ 1818, ಕ್ಯಾಪ್ಟನ್ ಸ್ಟಾಂಟನ್‌ನ ಕೈಕೆಳಗೆ ಕಂಪನಿಯ ಎಂಟುನೂರು ಚಿಲ್ಲರೆ ಜನ, ಆ ಕಡೆ ಪೇಶ್ವೆ ಎರಡನೇ ಬಾಜಿರಾಯನ ದೊಡ್ಡ ಸೈನ್ಯ, ಕಾದಾಡಿದ್ದರಲ್ಲಿ ಅರಬ್ ಸಿಪಾಯಿಗಳು ಮುಂದಿದ್ರು. ದಿನವಿಡೀ ಕಾಳಗ ನಡೀತು, ಹಳ್ಳಿ ಬೀಳಲಿಲ್ಲ, ಇನ್ನೊಂದು ಇಂಗ್ಲಿಷ್ ಸೈನ್ಯ ಬರ್ತಿದೆ ಅನ್ನೋ ಸುಳಿವಿಗೆ ಪೇಶ್ವೆ ಸರಿದುಹೋದ. ವಿಜಯಸ್ತಂಭದ ಮೇಲಿನ 49 ಹೆಸರುಗಳಲ್ಲಿ 22 ಹೆಸರು "ನಾಕ" ಅಂತ ಮುಗಿಯೋ, ಆಗ ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಮಹಾರ್ ಸಮುದಾಯದ ಸೈನಿಕರದ್ದು, ಉಳಿದವು ಬೇರೆ ಸಮುದಾಯದವರದ್ದು. ಒಂದು ಕಡೆ "ಇದು ಜಾತಿ ಯುದ್ಧವೇ ಅಲ್ಲ, ಬ್ರಿಟಿಷರ ಯುದ್ಧ" ಅಂತಾರೆ, ಇನ್ನೊಂದು ಕಡೆ "500 ಮಹಾರ್ ಸೈನಿಕರು ಪೇಶ್ವೆಗಳ ಜಾತಿಪದ್ಧತಿನೇ ಸೋಲಿಸಿದ್ರು" ಅಂತಾರೆ. 1818ರ ಬೆಳಿಗ್ಗೆ ಆ ಸಿಪಾಯಿಗಳ ಮನಸ್ಸಿನಲ್ಲಿ ಏನಿತ್ತು ಅಂತ ಅವರು ಬರೆದಿಟ್ಟಿಲ್ಲ. ಆದ್ರೆ ಪೇಶ್ವೆ ಕಾಲದಲ್ಲಿ ಅಸ್ಪೃಶ್ಯತೆ ಎಷ್ಟು ಕ್ರೂರವಾಗಿತ್ತು ಅನ್ನೋದು ಕಟ್ಟುಕಥೆ ಅಲ್ಲ, 1 ಜನವರಿ 1927ರಂದು ಅಂಬೇಡ್ಕರ್ ಅಲ್ಲಿಗೆ ಹೋದ ಮೇಲೆ ಆ ಕಂಬ ಲಕ್ಷಾಂತರ ಜನರಿಗೆ ಸ್ವಾಭಿಮಾನದ ಜಾಗ ಆಯ್ತು ಅನ್ನೋದೂ ಇತಿಹಾಸವೇ. 1818ರ ಕಾಳಗ ಒಂದು ವಿಷಯ, 1927ರಿಂದ ಅದಕ್ಕೆ ಬಂದ ಅರ್ಥ ಇನ್ನೊಂದು ವಿಷಯ, ಒಂದನ್ನ ತೋರಿಸಿ ಇನ್ನೊಂದನ್ನ ಸುಳ್ಳು ಮಾಡೋಕೆ ಹೊರಟಾಗಲೇ ಜಗಳ ಹುಟ್ಟೋದು.

ಗೋವಾದಲ್ಲಿ ಇರೋ ನಮ್ಮವರು ಇನ್‌ಕ್ವಿಸಿಷನ್ ಬಗ್ಗೆ ಕೇಳ್ತಿರ್ತಾರೆ, ಅದನ್ನೂ ಚಿಕ್ಕದಾಗಿ ಹೇಳ್ತೀನಿ. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಪೋರ್ಚುಗೀಸರು ನಡೆಸಿದ ಕ್ರೈಸ್ತ ಧಾರ್ಮಿಕ ನ್ಯಾಯಾಲಯ ಅದು. ಅದರ ಕಾಗದಪತ್ರ ಬಹುಪಾಲು ಸುಟ್ಟುಹಾಕಿದ್ರು, ಉಳಿದ ಪಟ್ಟಿಗಳಿಂದ ಸುಮಾರು 16 ಸಾವಿರ ವಿಚಾರಣೆ ನಡೆದದ್ದು ಗೊತ್ತಾಗುತ್ತೆ. "ಲಕ್ಷಗಟ್ಟಲೆ ಜನರನ್ನ ಜೀವಂತ ಸುಟ್ರು" ಅನ್ನೋ ಫಾರ್ವರ್ಡಿಗೆ ಆಧಾರ ಇಲ್ಲ. ಹಾಗಂತ ಅದು ಬರೀ ಕೋರ್ಟು ಅಷ್ಟೇ ಅಂತ ತೇಲಿಸೋರಿಗೂ ಆಧಾರ ಇಲ್ಲ, 1684ರಲ್ಲಿ ಕೊಂಕಣಿ ಭಾಷೆಯನ್ನ ತೊಡೆದುಹಾಕೋಕೆ ಪೋರ್ಚುಗೀಸ್ ವೈಸ್‌ರಾಯ್ ಹೊರಡಿಸಿದ ಆಜ್ಞೆ, 1736ರಲ್ಲಿ ಹಿಂದೂ ರೂಢಿಗಳ ಮೇಲೆ ಹೇರಿದ ನಿಷೇಧ, ಇವೆಲ್ಲಾ ಪೋರ್ಚುಗೀಸರೇ ಬರೆದಿಟ್ಟದ್ದು. ಸಂಖ್ಯೆ ಉಬ್ಬಿಸೋರು ನಿಜವಾಗಿ ನೊಂದವರಿಗೆ ದ್ರೋಹ ಮಾಡ್ತಾರೆ. ಒಂದು ಸುಳ್ಳು ಸಂಖ್ಯೆ ಹಿಡಿದು ಎದುರಿನವರು ಇಡೀ ನೋವನ್ನೇ ಇಲ್ಲ ಅಂದುಬಿಡ್ತಾರೆ.

"ಮುಚ್ಚಿಟ್ಟ ಇತಿಹಾಸ" ಅನ್ನೋ ಮಾತು ಕೇಳಿದಾಗ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ ಸರ್. ನಿಮ್ಮ ಪುಣೆಯಲ್ಲೇ ಪೇಶ್ವೆ ದಫ್ತರ ಇದೆ, ಪೇಶ್ವೆಗಳ ಆಡಳಿತದ ಕಾಗದಪತ್ರದ ಭಂಡಾರ, ಕೋಟಿಗಟ್ಟಲೆ ಕಾಗದ, ಬಹುತೇಕ ಮೋಡಿ ಅನ್ನೋ ಮರಾಠಿಯ ಹಳೇ ಕೂಡುಬರಹದ ಲಿಪಿಯಲ್ಲಿ. ಇತಿಹಾಸಕಾರ ಸರದೇಸಾಯಿಯವರು 1930ರ ದಶಕದಲ್ಲಿ ಆರಿಸಿ 45 ಸಂಪುಟ ಅಚ್ಚು ಹಾಕಿಸಿದ್ರು, ಅದು ಆ ರಾಶಿಯಲ್ಲಿ ಒಂದು ಬೊಗಸೆ. ಉಳಿದದ್ದನ್ನ ಯಾರೂ ಮುಚ್ಚಿಟ್ಟಿಲ್ಲ, ರುಮಾಲಿನಲ್ಲಿ ಕಟ್ಟಿ ಇಟ್ಟಿದ್ದಾರೆ, ಓದೋರಿಲ್ಲ. ಮೋಡಿ ಓದೋಕೆ ತಾಳ್ಮೆ ಬೇಕು, ಬರೆಯೋನು ಲೇಖನಿ ಎತ್ತದೆ ಎಳೆದುಕೊಂಡು ಹೋಗಿರ್ತಾನೆ, ಪದ ಎಲ್ಲಿ ಮುಗೀತು ಅಂತ ಗೊತ್ತಾಗಲ್ಲ, ಹ್ರಸ್ವ ದೀರ್ಘಕ್ಕೆ ಬೆಲೆ ಇಲ್ಲ, ನಡುನಡುವೆ ಪರ್ಷಿಯನ್ ಪದ, ಅರ್ಧಕ್ಕೆ ಬಿಟ್ಟ ಸಂಕ್ಷೇಪ, ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹೋಗುತ್ತೆ. ಕರ್ನಾಟಕದ ಮಠಗಳ ಕಡತಗಳದ್ದೂ ಇದೇ ಗತಿ. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳವನ್ನ ಇತಿಹಾಸಕಾರ ರಾಜವಾಡೆಯವರು 1910ರಲ್ಲಿ ಕಟ್ಟಿದ್ದು ಇಂಥ ಕಾಗದ ಉಳಿಸೋಕೇ, ಊರೂರು ಅಲೆದು ವಾಡೆಗಳ ಅಟ್ಟದಿಂದ ಕಾಗದ ಇಳಿಸಿ ತಂದವರು ಅವರು. 2004ರ ಜನವರಿಯಲ್ಲಿ ಏನಾಯ್ತು ನೆನಪಿದೆಯಲ್ಲ, ಯಾವನೋ ವಿದೇಶಿ ಲೇಖಕ ಶಿವಾಜಿಗೆ ಅವಮಾನ ಅಂತ ವಿವಾದವಾದ ತನ್ನ ಪುಸ್ತಕದಲ್ಲಿ ಕೃತಜ್ಞತೆ ಹೇಳಿದ್ದಾನೆ ಅಂತ ಪುಣೆಯ ಭಾಂಡಾರ್ಕರ್ ಪ್ರಾಚ್ಯ ಸಂಶೋಧನಾ ಸಂಸ್ಥೆಗೆ ಗುಂಪು ನುಗ್ಗಿ ಪುಸ್ತಕ, ಹಸ್ತಪ್ರತಿ ಎಲ್ಲಾ ಎಳೆದಾಡಿ ಹಾಳು ಮಾಡಿದ್ರು. ಇತಿಹಾಸದ ಗೌರವಕ್ಕೆ ಅಂತ ಬಂದವರು ಇತಿಹಾಸದ ಆಧಾರವನ್ನೇ ತುಳಿದ್ರು. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಟಿವಿ ಚರ್ಚೆಯಿಂದ ಏನೂ ನಿರೀಕ್ಷೆ ಮಾಡಬೇಡಿ. ಎಂಟು ಜನರನ್ನ ಎಂಟು ಕಿಟಕಿಯಲ್ಲಿ ಕೂರಿಸಿ ಒಬ್ಬೊಬ್ಬರಿಗೆ ಅರ್ಧ ನಿಮಿಷ ಕೊಟ್ರೆ "ಸಭಾಸದ ಬಖರಿನಲ್ಲಿ ಹೀಗಿದೆ ಆದ್ರೆ" ಅನ್ನೋದ್ರೊಳಗೆ ಮೈಕ್ ಹೋಗಿರುತ್ತೆ, "ಆದ್ರೆ" ನಂತರದ ಮಾತೇ ನಮ್ಮ ಕಸುಬು. ಜೊತೆಗೆ ದಾಖಲೆ ಓದಿದವರನ್ನೂ ಪಕ್ಷದ ವಕ್ತಾರನನ್ನೂ ಎದುರುಬದುರು ಕೂರಿಸಿದಾಗ ನೋಡೋರಿಗೆ ಇವು ಎರಡು ಸಮನಾದ ಅಭಿಪ್ರಾಯ ಅನ್ನಿಸುತ್ತೆ. ಸಿನಿಮಾದ್ದು ಇನ್ನೂ ಸಲೀಸು, ಶುರುವಿನಲ್ಲಿ "ಇದು ಕಾಲ್ಪನಿಕ" ಅಂತ ಓದೋಕಾಗದ ಸ್ಪೀಡಿನಲ್ಲಿ ಒಂದು ಕಾರ್ಡು, ಪ್ರಚಾರದಲ್ಲಿ ಮಾತ್ರ "ನಿಮಗೆ ಯಾರೂ ಹೇಳದ ಸತ್ಯ". ಮಕ್ಕಳು ಥಿಯೇಟರಿನಿಂದ ಬಂದಾಗ ಅದರಲ್ಲಿ ಯಾವುದು ಯಾವ ದಾಖಲೆಯಲ್ಲಿದೆ ಅಂತ ಅವರ ಜೊತೆ ಕೂತು ಹುಡುಕಿ, ಅವರಿಗೆ ಇದು ಬಹಳ ಇಷ್ಟ ಆಗುತ್ತೆ, ಪಾಠದ ಪುಸ್ತಕಕ್ಕಿಂತ ಹೆಚ್ಚು.

ಗ್ರೂಪಿನಲ್ಲಿ ಬಾಯಿ ಬಿಡಬೇಕಾ ಅಂದ್ರಿ. ಬಿಡಿ, ಆದ್ರೆ ವಾದಕ್ಕೆ ಇಳೀಬೇಡಿ, ಪ್ರಶ್ನೆ ಮಾತ್ರ ಕೇಳಿ, ಕಾಕಾ ಇದನ್ನ ಮೊದಲು ಬರೆದವರು ಯಾರು, ಯಾವ ವರ್ಷ, ಅಂತ. ಮರಾಠಿ ಗ್ರೂಪಿನಲ್ಲಿ ಮರಾಠಿಯಲ್ಲೇ ಕೇಳಿ, ಅದೇ ಧಾಟಿಯಲ್ಲಿ ಕನ್ನಡದ ಗ್ರೂಪಿನಲ್ಲೂ ಕೇಳಿ, ಒಂದೇ ಕಡೆ ಕೇಳಿದ್ರೆ ನೀವೂ ಒಂದು ಪಕ್ಷ ಆಗಿಬಿಡ್ತೀರಿ. ಎಲ್ಲರಿಗೂ ಕಾಣೋ ಹಾಗೆ ಹಿರಿಯರ ಮರ್ಯಾದೆ ತೆಗೆಯೋದಕ್ಕಿಂತ ಅವರಿಗೆ ಬೇರೆಯಾಗಿ ಮೆಸೇಜ್ ಮಾಡಿದ್ರೆ ಕೇಳೋ ಸಾಧ್ಯತೆ ಜಾಸ್ತಿ. ನಿಜವಾದ ದಾಖಲೆ ಕೊಟ್ರೆ ಒಪ್ಕೊಳ್ಳಿ, ನಮ್ಮವರ ಹೆಮ್ಮೆಗೆ ಪೆಟ್ಟು ಬಿದ್ರೂ ಒಪ್ಕೊಳ್ಳಿ.

ಒಂದು ಬಗೆಯ ಫಾರ್ವರ್ಡ್ ಬಂದಾಗ ಮಾತ್ರ ಈ ಪ್ರಶ್ನೆನೂ ಬೇಡ. ಔರಂಗಜೇಬನೋ ಟಿಪ್ಪುವೋ ಮಾಡಿದ್ದಕ್ಕೆ ಇವತ್ತಿನ ಯಾವುದೋ ಓಣಿಯ ಜನ, ಯಾವುದೋ ಅಂಗಡಿಯವರು ಉತ್ತರ ಕೊಡಬೇಕು ಅನ್ನೋ ಥರದ್ದು. ಜೂನ್ 2023ರಲ್ಲಿ ಕೊಲ್ಹಾಪುರದಲ್ಲಿ ವಾಟ್ಸಾಪ್ ಸ್ಟೇಟಸ್ ಒಂದರಿಂದ ಊರೇ ಹೊತ್ತಿಕೊಂಡಿತು, ಮಾರ್ಚ್ 2025ರಲ್ಲಿ ನಾಗಪುರದಲ್ಲಿ ಔರಂಗಜೇಬನ ಗೋರಿ ಜಗಳದ ನಡುವೆ ಒಂದು ವದಂತಿ ಸಾಕಾಯ್ತು. ಅಲ್ಲಿ ಬಖರು, ಶಕಾವಳಿ ಅಂತ ಚರ್ಚೆ ಮಾಡ್ತಾ ಕೂತ್ರೆ ಅದನ್ನ ಇತಿಹಾಸ ಅಂತ ನಾವೇ ಒಪ್ಪಿದ ಹಾಗೆ ಆಗುತ್ತೆ. ಅಡ್ಮಿನ್‌ಗೆ ಫೋನ್ ಮಾಡಿ ತಕ್ಷಣ ಡಿಲೀಟ್ ಮಾಡಿಸಿ, ಆಗಲ್ಲ ಅಂದ್ರೆ ಸ್ಕ್ರೀನ್‌ಶಾಟ್ ತೆಗೆದು ಸೈಬರ್ ಪೊಲೀಸರಿಗೆ ಕೊಡಿ.